ಎಂಟು ಮಂಚ, ಒಂದು ಒಲೆ

ನನ್ನ ಆಧಾರ್ ಕಾರ್ಡಿನಲ್ಲಿ ಇವತ್ತಿಗೂ ಅಪ್ಪನ ಮನೆಯ ವಿಳಾಸವೇ ಇದೆ: ಕುಮಟಾ ತಾಲ್ಲೂಕು, ಉತ್ತರ ಕನ್ನಡ. ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಅದನ್ನು ಬದಲಾಯಿಸಲು ಮನಸ್ಸು ಬಂದಿಲ್ಲ. ಗೋಕರ್ಣದ ಗುಡ್ಡದ ಮೇಲಿನ ಒಂದು ಹಾಸ್ಟೆಲಿನಲ್ಲಿ ಆ ಕಾರ್ಡು ಕೊಟ್ಟಾಗ ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸೌಮ್ಯ ಮುಖದ ಹುಡುಗಿ, ಯಾವುದೋ ಬೆಟ್ಟದ ರಾಜ್ಯದಿಂದ ಕೆಲಸಕ್ಕೆ ಬಂದವಳು. 'ಮ್ಯಾಮ್, ಲೋಕಲ್ ಐಡಿ ನಡೆಯೋದಿಲ್ಲ' ಎಂದು ಹಿಂದಿಯಲ್ಲಿ ಮೆತ್ತಗೆ ಹೇಳಿದಳು. ಮಂಚ ಕಾದಿರಿಸಿ 650 ರೂಪಾಯಿ ಕಟ್ಟಿಯಾಗಿತ್ತು. ದುಡ್ಡು ವಾಪಸ್ ಬರುತ್ತದೆ ಎಂದಳು, ಮೂರು ದಿನಕ್ಕೆ ಬಂತು ಕೂಡ. ಅವಳ ಬೆನ್ನ ಹಿಂದಿನ ದೊಡ್ಡ ಕಿಟಕಿಯಲ್ಲಿ ನಾನು ಚಿಕ್ಕಂದಿನಿಂದ ನೋಡುತ್ತ ಬಂದ ಕಡಲು ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿತ್ತು. ಜಗಳವಾಡುವ ಶಕ್ತಿ ಬರಲಿಲ್ಲ. ಗಂಟಲು ಕಟ್ಟಿತ್ತು. ಚೀಲ ಹೆಗಲಿಗೇರಿಸಿಕೊಂಡು ಪೇಟೆಗೆ ಇಳಿದು, ರಥಬೀದಿಯ ಹತ್ತಿರ ಒಂದು ಲಾಡ್ಜಿನಲ್ಲಿ ರಾತ್ರಿ ಕಳೆದೆ.

ಇದಾದ ಮೇಲೂ ನಾನು ಹಾಸ್ಟೆಲುಗಳಲ್ಲಿ ಉಳಿಯುವುದನ್ನು ಬಿಟ್ಟಿಲ್ಲ. ಗೋಕರ್ಣದಲ್ಲಿಯೇ ಬೇರೆ ಬೇರೆ ವರ್ಷಗಳಲ್ಲಿ ಮೂರು ಕಡೆ ಇದ್ದೇನೆ. ಅಗ್ಗ ಎಂಬುದು ಒಂದು ಕಾರಣ, ಒಂಟಿ ಹೆಂಗಸಿಗೆ ಲಾಡ್ಜಿನ ಕೋಣೆಗಿಂತ ನಾಲ್ಕು ಜನರಿರುವ ಕೋಣೆ ಧೈರ್ಯ ಕೊಡುತ್ತದೆ ಎಂಬುದು ಇನ್ನೊಂದು. ಆದರೆ ಈ ಬಗೆಯ ವಸತಿಯನ್ನು ನಾವು ಅಳೆಯುವ ಕ್ರಮವೇ ತಪ್ಪು ಎಂದು ವರ್ಷದಿಂದ ವರ್ಷಕ್ಕೆ ನನಗೆ ಬಲವಾಗಿ ಅನ್ನಿಸತೊಡಗಿದೆ. ಕಿಟಕಿಯಿಂದ ಕಡಲು ಕಾಣುತ್ತದೆಯೇ, ವೈಫೈ ಇದೆಯೇ, ಶೀಟು ಬಿಳಿ ಇದೆಯೇ ಎಂದು ಕೇಳಿ ಅಂಕ ಕೊಡುತ್ತೇವೆ. ಒಳಗೆ ಯಾರನ್ನು ಬಿಡುತ್ತಾರೆ, ಅಡುಗೆಮನೆಯ ಬಾಗಿಲು ತೆರೆದಿದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಹಾಸ್ಟೆಲು ಹಾಸ್ಟೆಲಾಗುವುದು ಆ ಎರಡರಿಂದಲೇ.

ಹಾಸ್ಟೆಲು ಹುಟ್ಟಿದ ಬಗೆಯನ್ನು ನೆನೆಸಿಕೊಂಡರೆ ನನ್ನ ಮಾತು ಅತಿಯಾಯಿತು ಅನ್ನಿಸಲಾರದು. 1909ರ ಆಗಸ್ಟಿನಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಜರ್ಮನಿಯ ಶಾಲಾ ಮಾಸ್ತರರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದರು. ದಾರಿಯಲ್ಲಿ ಗುಡುಗು ಮಳೆ ಹಿಡಿಯಿತು. ಒಂದು ಹಳ್ಳಿಶಾಲೆಯಲ್ಲಿ ಆಸರೆ ಸಿಕ್ಕಿತು. ಊರಿನ ರೈತರೊಬ್ಬರು ಮಲಗಲು ಹುಲ್ಲು ಕೊಟ್ಟರು, ರಾತ್ರಿಯ ಊಟಕ್ಕೆ ಹಾಲು ಕೊಟ್ಟರು. ಮಕ್ಕಳು ನಿದ್ದೆಹೋದರೂ ಮಾಸ್ತರರಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೆಲ್ಲ ನಡೆದು ಬರುವ ಮಕ್ಕಳಿಗೆ ತಂಗುದಾಣವಾದರೆ ಹೇಗೆ ಎಂಬ ಯೋಚನೆ ಹೊಳೆದದ್ದು ಆ ರಾತ್ರಿ. 1912ರಲ್ಲಿ ಆಲ್ಟೆನಾದ ಕೋಟೆಯಲ್ಲಿ ಅವರ ಮೊದಲ ಕಾಯಂ ಹಾಸ್ಟೆಲು ತೆರೆಯಿತು. ಆ ಹಳೆಯ ಕೋಣೆಗಳನ್ನು ಈಗಲೂ ಹಾಗೆಯೇ ಕಾಪಾಡಿಕೊಂಡಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಕೋಟೆಯಲ್ಲ, ಆ ಹುಲ್ಲಿನ ಹೊರೆ ಮತ್ತು ಹಾಲು. ಊರಿನವರೊಬ್ಬರು ತಂದು ಕೊಟ್ಟದ್ದು ಅವು. ಈ ಪದ್ಧತಿಯ ಮೊದಲ ರಾತ್ರಿಯಲ್ಲೇ ಸ್ಥಳೀಯರು ಒಳಗಿದ್ದರು.

ಗೋಕರ್ಣಕ್ಕೆ ಇಂಥ ತಂಗುದಾಣ ಹೊಸದೇನಲ್ಲ. ಮಹಾಬಲೇಶ್ವರನ ದರ್ಶನಕ್ಕೆ, ಶಿವರಾತ್ರಿಯ ತೇರಿಗೆ, ಹಿರಿಯರ ಶ್ರಾದ್ಧಕ್ಕೆ ಘಟ್ಟದ ಮೇಲಿನಿಂದ ಬಂದವರು ಭಟ್ಟರ ಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಜಗಲಿಯಲ್ಲಿ ಚಾಪೆ, ಹಿತ್ತಲ ಬಾವಿಯಲ್ಲಿ ನೀರು, ಬಾಳೆಯೆಲೆಯ ಮೇಲೆ ಊಟ. ಹೊರಡುವಾಗ ಕೈಲಾದಷ್ಟು ದಕ್ಷಿಣೆ. ಮುಂದೆ ಗೋವೆಯ ಗದ್ದಲ ಹೆಚ್ಚಾಗಿ ಅಲ್ಲಿಂದ ದಕ್ಷಿಣಕ್ಕೆ ಜಾರಿದ ವಿದೇಶೀ ಯಾತ್ರಿಕರಿಗೆ ಕುಡ್ಲೆ ಮತ್ತು ಓಂ ಕಡಲತೀರಗಳಲ್ಲಿ ಮಡಲು ಹೊದಿಸಿದ ಗುಡಿಸಲುಗಳು ಎದ್ದವು. ಅಲ್ಲಿನ ಮನೆಯವರೇ ಅನ್ನ ಸಾರು ಮಾಡಿ ಬಡಿಸುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪೇಟೆಯಲ್ಲಿ ಬರಿಗಾಲಲ್ಲಿ ಓಡಾಡುವ ಬಿಳಿಯರನ್ನು ಕಂಡು ಯಾರಿಗೂ ಬೆರಗಾಗುತ್ತಿರಲಿಲ್ಲ. ಜೋಧಪುರ, ಜೈಪುರಗಳ ಕಡೆ 2013ರ ಸುಮಾರಿಗೆ ಶುರುವಾದ ಬ್ಯಾಕ್‌ಪ್ಯಾಕರ್ ಹಾಸ್ಟೆಲುಗಳ ಅಲೆ ಇಲ್ಲಿಗೆ ಮುಟ್ಟಿದ್ದು ಆಮೇಲೆ.

ಆ ಹಳೆಯ ಜಗಲಿಗಳನ್ನು ನೆನೆದು ನಿಟ್ಟುಸಿರು ಬಿಡುವವರಿಗೆ ಒಂದು ಮಾತನ್ನು ಹೇಳಲೇಬೇಕು. ಜಗಲಿಗೆ ಬಂದವರಿಗೆ ಮೊದಲ ಪ್ರಶ್ನೆ 'ಯಾವ ಊರು', ಎರಡನೆಯದು 'ಯಾರ ಪೈಕಿ'. ಆ ಎರಡನೆಯ ಪ್ರಶ್ನೆಯ ಉತ್ತರದ ಮೇಲೆ ಒಬ್ಬರು ಒಳಮನೆಗೆ ಹೋಗುತ್ತಿದ್ದರು, ಇನ್ನೊಬ್ಬರು ಜಗಲಿಯಲ್ಲೇ ಉಳಿಯುತ್ತಿದ್ದರು, ಮತ್ತೊಬ್ಬರು ಅಂಗಳಕ್ಕೂ ಕಾಲಿಡುತ್ತಿರಲಿಲ್ಲ. ಇದನ್ನು ಮರೆತು ಆತಿಥ್ಯದ ಬಗ್ಗೆ ಮಾತಾಡುವುದು ಸರಿಯಲ್ಲ. ಎಂಟು ಮಂಚದ ಡಾರ್ಮಿನಲ್ಲಿ ಮೇಲಿನ ಮಂಚದಲ್ಲಿ ಯಾರು, ಕೆಳಗೆ ಯಾರು ಎಂಬುದನ್ನು ಜಾತಿ ತೀರ್ಮಾನಿಸುವುದಿಲ್ಲ. ಒಂದೇ ಬಚ್ಚಲು, ಒಂದೇ ನೀರಿನ ಡಬ್ಬ, ಒಂದೇ ಸಾಲಿನ ಲೋಟಗಳು. ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ನಾನು ಹಾಸ್ಟೆಲನ್ನು ಮೆಚ್ಚುವುದು ಇದೊಂದಕ್ಕಾಗಿ, ಮನಸಾರೆ. ಆದ್ದರಿಂದಲೇ ಕೌಂಟರಿನಲ್ಲಿ ಆ ಹುಡುಗಿ ಹೇಳಿದ ಮಾತು ಅಷ್ಟು ನೋಯಿಸಿತು. 'ಯಾರ ಪೈಕಿ' ಎಂದು ಕೇಳದ ಜಾಗ ಈಗ 'ಯಾವ ತಾಲ್ಲೂಕು' ಎಂದು ಕೇಳುತ್ತಿದೆ, ಹೊಸ್ತಿಲಲ್ಲೇ ನಿಲ್ಲಿಸುತ್ತಿದೆ.

ಈ ನಿಯಮ ಗೋಕರ್ಣದ್ದು ಮಾತ್ರವಲ್ಲ, ದೇಶದ ಬೇರೆ ಊರುಗಳ ಹಾಸ್ಟೆಲುಗಳಲ್ಲೂ ಉಂಟು. ಇದಕ್ಕೆ ಕಾರಣವೂ ಇಲ್ಲದಿಲ್ಲ. ಸುತ್ತಲಿನ ಊರುಗಳಿಂದ ಗಂಡಸರ ಗುಂಪು ಕುಡಿಯುವುದಕ್ಕೆಂದೇ ಮಂಚ ಹಿಡಿಯುತ್ತದೆ, ಒಂಟಿಯಾಗಿ ಬಂದ ಹುಡುಗಿಯರ ಕಡೆ ಕಣ್ಣು ಹಾಯಿಸುತ್ತದೆ, ಗಲಾಟೆಯಾದರೆ ಊರಿನವರ ಬಲ ಅವರಿಗೇ ಇರುತ್ತದೆ ಎಂದು ನಡೆಸುವವರು ಹೇಳುತ್ತಾರೆ. ಅಂಥ ಗುಂಪನ್ನು ನಾನೂ ಕಂಡಿದ್ದೇನೆ, ರಾತ್ರಿ ಬಚ್ಚಲಿಗೆ ಹೋಗಲು ಹೆದರಿದ್ದೇನೆ. ಆದರೆ ಆ ಗುಂಪು ಬಂದದ್ದು ಕುಮಟಾದಿಂದಲ್ಲ, ಆರು ನೂರು ಕಿಲೋಮೀಟರು ದೂರದಿಂದ ಕಾರಿನಲ್ಲಿ. ಹೆಂಗಸರನ್ನು ಕಾಯುವುದು ವಿಳಾಸವಲ್ಲ. ಹೆಂಗಸರಿಗೇ ಬೇರೆ ಡಾರ್ಮು, ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ, ಬಚ್ಚಲ ದಾರಿಯಲ್ಲಿ ಉರಿಯುವ ದೀಪ, ಕರೆದರೆ ಏಳುವ ರಾತ್ರಿಯ ಕಾವಲಿನವರು, ಕೆಟ್ಟದಾಗಿ ನಡೆದುಕೊಂಡವರನ್ನು ಅರ್ಧ ರಾತ್ರಿಯಾದರೂ ಹೊರಗೆ ಕಳಿಸುವ ನಿರ್ಧಾರ. ಇವಿಷ್ಟು ಇದ್ದರೆ ಸಾಕು. ಇವಕ್ಕೆ ಖರ್ಚಿದೆ, ಜನ ಬೇಕು. ಕಾರ್ಡು ನೋಡಿ ಹಿಂದೆ ಕಳಿಸುವುದಕ್ಕೆ ಏನೂ ಖರ್ಚಿಲ್ಲ. ಇಡೀ ಜಿಲ್ಲೆಯ ಮೇಲೆ ಅನುಮಾನ ಹೊರಿಸುವ ಈ ಪದ್ಧತಿ ಹೋಗಬೇಕು. ಅಂಕೋಲೆಯ ಕಾಲೇಜು ಹುಡುಗಿಗೆ ತನ್ನ ಕಡಲ ದಂಡೆಯಲ್ಲಿ ಒಂದು ರಾತ್ರಿ ಗೆಳತಿಯರೊಡನೆ ಕಳೆಯುವ ಹಕ್ಕು ಪುಣೆಯ ಹುಡುಗಿಯಷ್ಟೇ ಇದೆ.

ಇನ್ನು ಒಳಗಿನ ಮಾತು. ಡಾರ್ಮಿನ ಮಂಚ ಎಂದರೆ ಎರಡೂವರೆ ಅಡಿ ಅಗಲದ ಒಂದು ಸಂಸಾರ. ತಲೆಯ ಬದಿಯಲ್ಲಿ ಪುಟ್ಟ ದೀಪ, ಪಕ್ಕದಲ್ಲಿ ಚಾರ್ಜರಿಗೆ ತೂತು, ಎಳೆದುಕೊಳ್ಳಲು ಒಂದು ಪರದೆ, ಮಂಚದ ಅಡಿಯಲ್ಲಿ ನಾವೇ ಬೀಗ ತಂದು ಹಾಕಿಕೊಳ್ಳಬೇಕಾದ ಪೆಟ್ಟಿಗೆ. ಕರಾವಳಿಯ ಹವೆಯಲ್ಲಿ ಟವೆಲು ಒಣಗುವುದಿಲ್ಲ. ಏಣಿಯ ಮೆಟ್ಟಿಲು ಮೆಟ್ಟಿಲಿಗೂ ಒದ್ದೆ ಬಟ್ಟೆ. ಎಷ್ಟು ಕೊಡವಿದರೂ ಶೀಟಿನ ಮೇಲೆ ಮರಳು, ಬೆನ್ನಿಗೆ ರವೆಯಂತೆ ಚುಚ್ಚುತ್ತದೆ. ರಾತ್ರಿ ಹನ್ನೆರಡಕ್ಕೆ ಒಬ್ಬರು ಬರುತ್ತಾರೆ, ಬೆಳಗಿನ ನಾಲ್ಕಕ್ಕೆ ಇನ್ನೊಬ್ಬರು ರೈಲಿಗೆ ಹೊರಡುತ್ತಾರೆ. ಪ್ಲಾಸ್ಟಿಕ್ ಚೀಲದ ಪರಪರ ಸದ್ದು ಡಾರ್ಮಿನಲ್ಲಿ ಮಲಗಿದವರಿಗೆಲ್ಲ ಗೊತ್ತು. ನಿದ್ದೆ ತೆಳುವಾದವರು ಇಲ್ಲಿಗೆ ಬರಬಾರದು ಎಂದು ನೇರವಾಗಿ ಹೇಳುತ್ತೇನೆ. ನನಗೆ ಇದರಲ್ಲಿ ಏನೋ ಸಮಾಧಾನವಿದೆ. ಕತ್ತಲಲ್ಲಿ ಏಳು ಜನ ಅಪರಿಚಿತರ ಉಸಿರು ಕೇಳುತ್ತ, ಒಬ್ಬಳು ನಿದ್ದೆಯಲ್ಲಿ ತನ್ನ ಭಾಷೆಯಲ್ಲಿ ಏನೋ ಕನವರಿಸಿದಾಗ ಇನ್ನೊಬ್ಬಳು ಎದ್ದು ಪರದೆ ಸರಿಸಿ 'ನೀರು ಬೇಕಾ' ಎಂದು ಕೇಳಿದ್ದನ್ನು ನಾನು ನೋಡಿದ್ದೇನೆ.

ಗುಡ್ಡದ ಮೇಲಿನ ಹೊಸ ಹಾಸ್ಟೆಲುಗಳಲ್ಲಿ ಈ ಮಂಚ ಚೆನ್ನಾಗಿಯೇ ಇರುತ್ತದೆ. ಕಳೆದುಹೋಗಿರುವುದು ಒಲೆ. ನಾನು ಉಳಿದ ಇನ್ನೊಂದು ಕಡೆ ಅಡುಗೆಮನೆ ಎಲ್ಲಿ ಎಂದು ಕೇಳಿದಾಗ ಕೆಫೆಯ ಮೆನು ಕೈಗೆ ಬಂತು. ಲೆಕ್ಕ ಸರಳ. ಮಂಚದಲ್ಲಿ ಉಳಿಯುವ ಲಾಭ ಕಡಿಮೆ, ಕಾಫಿ ಪಾಸ್ತಾಗಳಲ್ಲಿ ಹೆಚ್ಚು. 600 ರೂಪಾಯಿಗೆ ಮಲಗಿದವರು ಮೂರು ಹೊತ್ತಿನ ಊಟ ತಿಂಡಿಗೆ 900 ಕೊಟ್ಟರೆ ಆ ವಸತಿಯನ್ನು ಅಗ್ಗ ಎನ್ನುವುದು ಹೇಗೆ? ದುಡ್ಡಿನ ಮಾತು ಹಾಗಿರಲಿ. ಕೆಫೆಯಲ್ಲಿ ಕುಳಿತವರು ಅವರವರ ಮೇಜಿನಲ್ಲಿ ಅವರವರ ಫೋನು ನೋಡುತ್ತಿದ್ದರು. ಒಲೆ ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರನ್ನು ಉಪ್ಪು ಎಲ್ಲಿದೆ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಒಲೆ ಇಲ್ಲದಿದ್ದರೆ ಪೇಟೆಗೆ ಇಳಿಯುವ ಕೆಲಸವೂ ಇಲ್ಲ. ಗುಡ್ಡದ ಮೇಲೆಯೇ ಸೂರ್ಯಾಸ್ತ, ಗುಡ್ಡದ ಮೇಲೆಯೇ ಸಂಗೀತ, ಗುಡ್ಡದ ಮೇಲೆಯೇ ಗೋಡೆ ತುಂಬ ಬಣ್ಣದ ಚಿತ್ರ. ಕೋಟಿತೀರ್ಥದ ಮೆಟ್ಟಿಲ ಮೇಲೆ ಐದು ನಿಮಿಷ ಕೂರದೆ, ಒಂದು ಕನ್ನಡ ಮಾತು ಕಿವಿಗೆ ಬೀಳದೆ ನಾಲ್ಕು ದಿನ ಇದ್ದು ಹೋದವರನ್ನು ಅಲ್ಲಿ ಮಾತಾಡಿಸಿದೆ. ತಪ್ಪು ಅವರದ್ದಲ್ಲ. ಊರಿನ ಕಡೆಗೆ ಬಾಗಿಲಿಲ್ಲದ ಮನೆಯಲ್ಲಿ ಅವರನ್ನು ಇರಿಸಲಾಗಿತ್ತು.

ಅಡುಗೆಮನೆಯಿದ್ದ ಹಾಸ್ಟೆಲು ನನಗೆ ಸಿಕ್ಕಿದ್ದು ಮೂರನೆಯ ಸಲ, ಪೇಟೆಯ ಒಳಗಿನ ಒಂದು ಓಣಿಯಲ್ಲಿ. ಅದೊಂದು ಏಪ್ರಿಲ್ ತಿಂಗಳು. ರಾತ್ರಿ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು, ಹತ್ತು ಕಿಲೋಮೀಟರಿನಷ್ಟು ರಿಕ್ಷಾದಲ್ಲಿ ಬಂದೆ. ಕೆಂಪು ಕಲ್ಲಿನ ಹಳೆಯ ಮನೆ, ತಗ್ಗಿದ ಮಾಡು, ತಲೆ ಬಾಗಿಸಿ ಒಳಗೆ ಹೋಗಬೇಕು. ಕಡಲು ಕಾಣುವುದಿಲ್ಲ, ರಾತ್ರಿ ಊರು ಮಲಗಿದ ಮೇಲೆ ಕೇಳಿಸುತ್ತದೆ ಅಷ್ಟೆ. ಚಿತ್ರ ತೆಗೆದು ಹಾಕಿದರೆ ಯಾರೂ ಮಂಚ ಕಾದಿರಿಸುವಂಥದ್ದಲ್ಲ. ಗಾದಿ ತೆಳು, ಒಂದು ಫ್ಯಾನು ಟಕಟಕ ಸದ್ದು ಮಾಡುತ್ತಿತ್ತು, ಆರು ಮಂಚಕ್ಕೆ ಒಂದೇ ಬಚ್ಚಲು, ಬೆಳಿಗ್ಗೆ ಏಳರಿಂದ ಎಂಟರವರೆಗೆ ಸರದಿ. ಅಲ್ಲಿ ನನ್ನ ಕಾರ್ಡು ನೋಡಿ ಮನೆಯಾಕೆ ಕೇಳಿದ್ದು ಒಂದೇ ಮಾತು: 'ಕುಮಟೆಯೇ ಅಲ್ದಾ, ಹಂಗಾರೆ ಊಟ ನೀವೇ ಮಾಡ್ಕಂತ್ರಿ?' ಹೌದೆಂದೆ. ಹಿತ್ತಲ ಕಡೆ ಕೈ ತೋರಿಸಿದರು.

ಎರಡು ಒಲೆಯ ಗ್ಯಾಸು, ಒಂದು ರುಬ್ಬುವ ಕಲ್ಲು, ಕಪಾಟಿನಲ್ಲಿ ತಳ ಕರಕಲಾದ ನಾಲ್ಕು ಪಾತ್ರೆ. ಗೋಡೆಗೆ ಒಂದು ಹಲಗೆ. ಹೋಗುವವರು ಉಳಿದದ್ದನ್ನು ಅದರ ಮೇಲೆ ಇಟ್ಟು ಹೋಗಬೇಕು, ಬಂದವರು ಬಳಸಬೇಕು. ಅರ್ಧ ಪೊಟ್ಟಣ ಅವಲಕ್ಕಿ, ಜೇನಿನ ಶೀಸೆ, ಯಾವುದೋ ವಿದೇಶೀ ಅಕ್ಷರಗಳ ಚಹಾ ಡಬ್ಬ, ಒಂದು ಪೊಟ್ಟಣ ಸಾಣಿಕಟ್ಟೆಯ ಉಪ್ಪು. ಸಾಣಿಕಟ್ಟೆ ಅಲ್ಲಿಂದ ಕೂಗಳತೆ ಎನ್ನುವಷ್ಟು ಹತ್ತಿರ, ಅಘನಾಶಿನಿಯ ಉಪ್ಪು ನೀರನ್ನು ಗದ್ದೆಗೆ ಹಾಯಿಸಿ ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುವ ಊರು. ಆ ಉಪ್ಪಿಗೆ ತುಸು ಕಂದು ಬಣ್ಣ, ಹರಳು ದಪ್ಪ, ಬೆರಳಲ್ಲಿ ತಿಕ್ಕಿದರೆ ತೇವ ತಾಗುತ್ತದೆ.

ರಥಬೀದಿಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ತರಕಾರಿ ಹರವಿಕೊಂಡು ಕೂತಿದ್ದರು. ಕೊರಳು ತುಂಬ ಮಣಿಸರ, ಮುಂದೆ ಹರಿವೆ, ಬಸಳೆ, ಮೊಗೆಕಾಯಿ, ಒಂದೆಲಗದ ಸಣ್ಣ ಸಣ್ಣ ಕಟ್ಟು. ಬೇಸಿಗೆಯಾದ್ದರಿಂದ ಕುಮಟೆಯ ಸಿಹಿ ಈರುಳ್ಳಿಯೂ ಇತ್ತು, ಬಾಲ ಸೇರಿಸಿ ಜಡೆಯಂತೆ ಹೆಣೆದದ್ದು. ಒಬ್ಬರು ಒಂದೆಲಗದ ಕಟ್ಟನ್ನು ನೀರಿಗೆ ಅದ್ದಿ, ಝಾಡಿಸಿ, 'ತಗೋ ತಂಗೀ, ಬಿಸಿಲಿಗೆ ತಂಪು' ಎಂದರು. ಹಾಸ್ಟೆಲಿಗೆ ತಂದು ಕಾಯಿ, ಜೀರಿಗೆ ಸೇರಿಸಿ ಕಲ್ಲಿನಲ್ಲಿ ರುಬ್ಬಿ ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದೆ. ಕೆಳಗಿನ ಮಂಚದ ಮರಾಠಿ ಹುಡುಗಿ ರುಬ್ಬುವ ಕಲ್ಲನ್ನು ತಿರುಗಿಸುತ್ತೇನೆಂದು ಹಟ ಹಿಡಿದಳು. ಮೂರು ಸುತ್ತಿಗೆ ತೋಳು ಸೋತಿತು. ಕೋಟ್ಟಯಂನವರೊಬ್ಬರು ತಾವು ತಂದ ಮೀನನ್ನು ಹುಳಿ ಹಾಕಿ ಬೇಯಿಸಿದರು. ಅವರ ಕೊಡಂಪುಳಿಗೂ ನಮ್ಮ ಮುರುಗಲಿಗೂ ಇರುವ ನೆಂಟಸ್ತಿಕೆಯ ಬಗ್ಗೆ ಒಂದು ತಾಸು ಮಾತಾಯಿತು. ಪೋಲೆಂಡಿನ ಒಬ್ಬ ಮುದುಕರು ಏನೂ ಮಾಡಲು ಬಾರದೆ ಎಲ್ಲರ ಪಾತ್ರೆ ತೊಳೆದರು. ನಾನು ಆ ದಿನ ಖರ್ಚು ಮಾಡಿದ್ದು 90 ರೂಪಾಯಿ. ಅದರಲ್ಲಿ ಬಹುಪಾಲು ನೇರವಾಗಿ ಆ ಹಾಲಕ್ಕಿ ಹೆಂಗಸಿನ ಸೆರಗಿನ ಗಂಟಿಗೆ ಹೋಯಿತು. ಪ್ರವಾಸೋದ್ಯಮದಿಂದ ಊರಿಗೆ ಲಾಭ ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ಆ ಲಾಭ ಊರಿಗೆ ತಲುಪುವ ದಾರಿ ನನಗೆ ಕಂಡದ್ದು ಆ ಎರಡು ಒಲೆಯಲ್ಲಿ.

ಬಚ್ಚಲಿನಲ್ಲಿ ಶವರು ಇರಲಿಲ್ಲ, ಬಕೆಟು ಚೊಂಬು ಇತ್ತು. ಕೆಲವರು ಗೊಣಗಿದರು. ನನಗೆ ಅದು ಸರಿಯೆನಿಸಿತು. ಕರಾವಳಿಯ ಕೆಂಪು ಕಲ್ಲಿನ ನೆಲ ತೂತು ತೂತಾದದ್ದು. ಮಳೆಗಾಲದಲ್ಲಿ ಬಾವಿ ಕಟ್ಟೆಯವರೆಗೆ ತುಂಬುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅಷ್ಟು ಮಳೆ ಸುರಿಯುವ ಊರಿನಲ್ಲಿ ಏಪ್ರಿಲ್ ಮೇ ಹೊತ್ತಿಗೆ ಕೊಡಕ್ಕೆ ಹಗ್ಗ ಸಾಲುವುದಿಲ್ಲ. ಆಳಕ್ಕೆ ಕೊಳವೆಬಾವಿ ಇಳಿಸಿ ಎಳೆದರೆ ಕಡಲ ಉಪ್ಪು ಒಳಗೆ ಬರುತ್ತದೆ. ಅದೇ ತೂತು ನೆಲದಲ್ಲಿ ಶೌಚದ ಗುಂಡಿಯ ನೀರೂ ಸೋರಿ ಕೆಳಗಿನ ಮನೆಯ ಬಾವಿ ಸೇರುತ್ತದೆ. ಗುಡ್ಡದ ನೆತ್ತಿಯಲ್ಲಿ ಅರುವತ್ತು ಮಂಚದ ಹಾಸ್ಟೆಲು ಕಟ್ಟುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಕಡಲತೀರವನ್ನು ಕಾಯಲೆಂದು 1991ರಲ್ಲೇ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಿದೆ, ಆಮೇಲೆ 2011 ಮತ್ತು 2019ರಲ್ಲಿ ಅದು ಹೊಸ ರೂಪ ಪಡೆದಿದೆ. ಭರತದ ಗೆರೆಯಿಂದ ಎಷ್ಟು ಮೀಟರು ಬಿಟ್ಟು ಕಟ್ಟಬೇಕು ಎಂಬುದನ್ನು ಅದು ಹೇಳುತ್ತದೆ. ಬಾವಿಯ ತಳದಲ್ಲಿ ನಡೆಯುವುದನ್ನು ಕಾಯಬೇಕಾದವರು ನಾವೇ.

ಕಡಲಿನ ಬಗ್ಗೆ ಹಾಸ್ಟೆಲುಗಳು ಹೇಳದ ಇನ್ನೊಂದು ಸಂಗತಿಯಿದೆ, ಅದು ಜೀವದ್ದು. ಗೋಡೆಯ ಮೇಲೆ ಅಲೆಗಳ ಚಿತ್ರ ಬರೆದವರು ಸೆಳವಿನ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ಎರಡೂ ಬದಿ ನೊರೆಯೆದ್ದು ಅಲೆ ಒಡೆಯುತ್ತಿರುವಾಗ ನಡುವೆ ನೀರು ಶಾಂತವಾಗಿ ಕಂಡರೆ, ಬಯಲುಸೀಮೆಯಿಂದ ಬಂದವರು ಅಲ್ಲೇ ಇಳಿಯುತ್ತಾರೆ. ಸೆಳವು ಇರುವುದು ಅಲ್ಲಿಯೇ. ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಿ ಸೋಲಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮೀನುಗಾರರ ಮನೆಯ ಮಕ್ಕಳಿಗೂ ಇದು ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನೂಲು ಹುಣ್ಣಿಮೆಗೆ ತೆಂಗಿನಕಾಯಿ ಕೊಟ್ಟು ಕಡಲನ್ನು ಬೇಡಿಕೊಂಡ ಮೇಲೆಯೇ ಬಲೆಗೆ ಕೈ ಹಾಕುವ ಮನೆಗಳು ಈಗಲೂ ಇವೆ. ಅದೇ ತಿಂಗಳುಗಳಲ್ಲಿ ಮಳೆಗಾಲದ ರಿಯಾಯಿತಿ ಎಂದು ಮಂಚಗಳನ್ನು ಮಾರುವವರು ಬಂದವರ ಕೈ ಹಿಡಿದು ಈ ಮಾತು ಹೇಳಬೇಕು. ಕೆಲಸಕ್ಕೆ ಸ್ಥಳೀಯರು ಒಬ್ಬರಾದರೂ ಇದ್ದಿದ್ದರೆ ಹೇಳದೆ ಬಿಡುತ್ತಿರಲಿಲ್ಲ. ಪ್ರತಿ ವರ್ಷ ಈ ತೀರಗಳಲ್ಲಿ ಎಳೆಯ ಜೀವಗಳು ಹೋಗುತ್ತವೆ, ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಓದುವಾಗಲೆಲ್ಲ ಕೈ ನಡುಗುತ್ತದೆ.

ಓಣಿಯ ಆ ಮನೆಯಲ್ಲಿ ಬಾಗಿಲ ಹಿಂದೆ ಒಂದು ಕರಿಹಲಗೆ ತೂಗುಹಾಕಿತ್ತು. ಮನೆಯಾಕೆ ಬೆಳಿಗ್ಗೆ ಕಸ ಗುಡಿಸಿ ಬಂದು ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು: ಇವತ್ತು ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ಕುಡ್ಲೆಗೆ ಗುಡ್ಡದ ದಾರಿಯಲ್ಲಿ ಹೋಗುವವರು ನೀರು ಒಯ್ಯಿರಿ, ಹಾಫ್‌ಮೂನ್ ತೀರದಿಂದ ಕತ್ತಲಾಗುವ ಮೊದಲು ಬನ್ನಿ. ಕನ್ನಡದಲ್ಲಿ ಒಮ್ಮೆ, ಕೆಳಗೆ ಇಂಗ್ಲಿಷಿನಲ್ಲಿ ಒಮ್ಮೆ. ಇಂಗ್ಲಿಷಿನ ಕಾಗುಣಿತವನ್ನು ಯಾರಾದರೂ ತಿದ್ದಿದರೆ ಮರುದಿನ ಸರಿಯಾಗಿ ಬರೆಯುತ್ತಿದ್ದರು. ಮಹಡಿಯ ಮಂಚಗಳಿಗೆ ಹೋಗುವವರು ಯಾರೂ ಆ ಹಲಗೆಯನ್ನು ದಾಟದೆ ಹೋಗುವಂತಿರಲಿಲ್ಲ.

ನಾಲ್ಕನೆಯ ದಿನ ಹೊರಟೆ. ಈರುಳ್ಳಿಯ ಜಡೆಯಲ್ಲಿ ಅರ್ಧ ಉಳಿದಿತ್ತು, ಒಣಮುರುಗಲು ಒಂದು ಮುಷ್ಟಿಯಷ್ಟು. ಈರುಳ್ಳಿಯನ್ನು ಅಡುಗೆಮನೆಯ ಹಲಗೆಯ ಮೊಳೆಗೆ ತೂಗುಹಾಕಿದೆ. ಮುರುಗಲನ್ನು ಜೇನಿನ ಶೀಸೆಯ ಪಕ್ಕಕ್ಕಿಟ್ಟು, ಇದನ್ನು ನೀರಲ್ಲಿ ನೆನೆಸಿ ಬೆಲ್ಲ ಹಾಕಿ ಕುಡಿಯಿರಿ ಎಂದು ಚೀಟಿ ಬರೆದೆ. ಸಾಣಿಕಟ್ಟೆಯ ಉಪ್ಪಿನ ಪೊಟ್ಟಣ ನಾನು ಬಂದ ದಿನಕ್ಕಿಂತ ಇಳಿದಿತ್ತು. ರಿಕ್ಷಾ ಬರಲು ಇನ್ನೂ ಹೊತ್ತಿತ್ತು, ಬೀದಿಗೆ ಹೋಗಿ ಒಂದು ಸೇರು ಉಪ್ಪು ತಂದು ಅದಕ್ಕೆ ಸುರಿದೆ.